ಕಸಾಟಾ: ಹೆಸರು ಬಟ್ಟಲಿನಿಂದ ಬಂತೋ, ಚೀಸ್‌ನಿಂದ ಬಂತೋ?

ಇವತ್ತು ಒಂದೇ ಒಂದು ಪದ ಹಿಡ್ಕೊಂಡು ಮಾತಾಡ್ತೀನಿ. ಕಸಾಟಾ. ಹೌದು, ಅದೇ ಐಸ್‌ಕ್ರೀಮ್. ಅರ್ಧಚಂದ್ರದ ಹಾಗೆ ಕೊಯ್ದ ತುಂಡು, ಎರಡೋ ಮೂರೋ ಬಣ್ಣದ ಪದರ, ಒಂದು ಪದರ ಕೇಕು, ಅಂಚಿಗೆ ಗೋಡಂಬಿ ಚೂರು. ಮುಂಬೈ ಪುಣೆ ಕಡೆಯ ಮದುವೆ ಊಟಗಳಲ್ಲಿ, ನಮ್ಮ ಉಡುಪಿ ಹೋಟೆಲುಗಳ ಮೆನು ಕಾರ್ಡಿನ ಕೊನೇ ಪುಟದಲ್ಲಿ ನೀವೆಲ್ಲ ನೋಡೇ ಇರ್ತೀರಿ. ವೆನಿಲ್ಲಾಗಿಂತ ಸ್ವಲ್ಪ ದುಬಾರಿ, ಹಾಗಾಗಿ ಬೀಗರು ಕಸಾಟಾ ಹಾಕಿಸಿದ್ದರೆ ಊಟಕ್ಕೆ ಒಂದು ಮಾರ್ಕು ಜಾಸ್ತಿ.

ಈ ಹೆಸರಿನ ಅರ್ಥ ಏನು ಅಂತ ಯಾರನ್ನಾದರೂ ಕೇಳಿ, ಅಥವಾ ಫೋನಿನಲ್ಲಿ ಹುಡುಕಿ. ಥಟ್ಟನೆ ಸಿಗೋ ಉತ್ತರ ಹೀಗಿರುತ್ತೆ: ಇದು ಇಟಲಿಯ ಸಿಸಿಲಿ ದ್ವೀಪದ ತಿಂಡಿ, ಹೆಸರು ಬಂದಿದ್ದು ಅರಬ್ಬಿಯ ‘ಕಸ್‌ಅ’ ಎಂಬ ಪದದಿಂದ, ಹಾಗಂದರೆ ಅಗಲವಾದ ಬಟ್ಟಲು. ಚೆಂದದ ಉತ್ತರ. ಆದರೆ ನನಗೆ ಇದು ಅಷ್ಟು ಒಪ್ಪಿಗೆಯಾಗಿಲ್ಲ. ಯಾಕೆ ಅನ್ನೋದನ್ನು ಹೇಳ್ತೀನಿ. ಹಾಗಂತ ಅರಬರನ್ನು ಈ ಕಥೆಯಿಂದ ಹೊರಗೆ ಹಾಕೋದಕ್ಕೂ ನಾನು ತಯಾರಿಲ್ಲ. ಅದೂ ಯಾಕೆ ಅಂತ ಹೇಳ್ತೀನಿ, ನಿಜ ಹೇಳಬೇಕಂದ್ರೆ ಅದೇ ಹೆಚ್ಚು ಸ್ವಾರಸ್ಯದ ಭಾಗ.

ಮೊದಲು ಉಚ್ಚಾರ. ಇಟಲಿಯವರು ಹೇಳೋದು ‘ಕಸ್ಸಾತ’. ‘ಸ’ ಒತ್ತಕ್ಷರ, ಕೊನೆಗೆ ನಮ್ಮ ‘ತಾಯಿ’ಯ ತ. ಇಂಗ್ಲಿಷಿನಲ್ಲಿ ಬರೆಯೋದಕ್ಕೆ ಕಷ್ಟ, ಕನ್ನಡದಲ್ಲಿ ಸಲೀಸು. ಆದರೂ ನಾವು ಹೇಳೋದು ‘ಕಸಾಟಾ’. ಈ ಟಕಾರ ಎಲ್ಲಿಂದ ಬಂತು? ಇಂಗ್ಲಿಷಿನವರ ‘ಟೀ’ ಅಕ್ಷರ ನಮ್ಮ ಕಿವಿಗೆ ಯಾವಾಗಲೂ ‘ಟ’ ಆಗಿಯೇ ಕೇಳುತ್ತೆ. ಟೇಬಲ್ಲು, ಟಿಕೆಟ್ಟು, ಟೊಮೆಟೊ. ಅಂದ್ರೆ ಈ ಪದ ಇಟಲಿಯಿಂದ ನೆಟ್ಟಗೆ ನಮ್ಮ ಹತ್ರ ಬರಲಿಲ್ಲ, ಇಂಗ್ಲಿಷಿನ ಮನೆಯಲ್ಲಿ ತಂಗಿ ಬಂತು. ಒಂದು ಅಕ್ಷರ ಇಷ್ಟು ಸಾಕ್ಷಿ ಹೇಳುತ್ತೆ ನೋಡಿ. ಪದದ ಮೂಲ ಹುಡುಕೋರು ಮಾಡೋದೇ ಈ ಕೆಲಸ: ಸದ್ದು ಎಲ್ಲಿ, ಹೇಗೆ ಬದಲಾಯ್ತು ಅಂತ ನೋಡೋದು.

ಸದ್ದು ಸಾಕ್ಷಿ ಹೇಳುತ್ತೆ, ಸುಳ್ಳು ಸಾಕ್ಷಿಯೂ ಹೇಳುತ್ತೆ. ನಮ್ಮ ಮನೆಯಲ್ಲಿ ಒಬ್ಬ ಹಿರಿಯರಿದ್ದರು. ಬಣ್ಣಬಣ್ಣದ ಚೂರುಗಳನ್ನು ನೋಡಿ, “ಇದು ಕಸದ ಆಟ ಕಣೋ, ಅದಕ್ಕೇ ಕಸಾಟ” ಅನ್ನೋರು. ವ್ಯಾಕರಣದ ಪ್ರಕಾರ ಸಂಧಿ ಕೂಡ ಸರಿಯಾಗೇ ಇದೆ! ಕಸ, ಆಟ, ಸವರ್ಣದೀರ್ಘ. ನಗ್ತೀವಿ, ಯಾಕಂದ್ರೆ ಇದು ತಮಾಷೆ ಅಂತ ಗೊತ್ತು. ಆದರೆ ‘ಕಸ್‌ಅ’ ಮತ್ತು ‘ಕಸ್ಸಾತ’ ಒಂದೇ ಥರ ಕೇಳುತ್ತೆ ಅನ್ನೋದಷ್ಟೇ ಆಧಾರವಾದರೆ ನಮ್ಮ ಹಿರಿಯರ ಆಧಾರಕ್ಕೂ ಅದಕ್ಕೂ ವ್ಯತ್ಯಾಸ ಏನು? ಬೇರೆ ಪುರಾವೆ ಬೇಕು.

ಇಲ್ಲಿ ಒಂದು ವಿಷಯ ತಿಳ್ಕೊಂಡು ಮುಂದೆ ಹೋಗೋಣ. ಇಟಲಿಯಲ್ಲಿ ಕಸ್ಸಾತ ಅಂದ್ರೆ ಎರಡು ತಿಂಡಿ. ಹಳೆಯದು ಸಿಸಿಲಿಯ ಕಸ್ಸಾತ, ಅದು ಐಸ್‌ಕ್ರೀಮೇ ಅಲ್ಲ. ಮೆತ್ತನೆ ಸ್ಪಂಜಿನಂಥ ಕೇಕು, ಒಳಗೆ ಸಕ್ಕರೆ ಹಾಕಿ ನಾದಿದ ರಿಕೋತ್ತ, ಸುತ್ತ ಬಾದಾಮಿ ಹಿಟ್ಟಿನ ಹಸಿರು ಪಟ್ಟಿ, ಮೇಲೆ ಬಿಳಿ ಸಕ್ಕರೆಯ ಲೇಪ, ಅದರ ಮೇಲೆ ಸಕ್ಕರೆಪಾಕದಲ್ಲಿ ಅದ್ದಿದ ಕಿತ್ತಳೆ, ಚೆರ್ರಿ, ಕುಂಬಳದ ತುಂಡುಗಳು. ದೇವರ ತೇರಿನ ಅಲಂಕಾರ ಅನ್ನಬಹುದು. ಈಗ ಕಾಣೋ ಈ ಹಣ್ಣಿನ ಅಲಂಕಾರ ತೀರಾ ಹಳೆಯದೇನಲ್ಲ, 19ನೇ ಶತಮಾನದ ಪಲೆರ್ಮೊದ ಸಾಲ್ವತೋರೆ ಗುಲಿ ಎಂಬ ಮಿಠಾಯಿಗಾರರಿಗೆ ಅದರ ಶ್ರೇಯ ಕೊಡ್ತಾರೆ. ರಿಕೋತ್ತ ಅಂದ್ರೆ ‘ಮತ್ತೆ ಬೇಯಿಸಿದ್ದು’. ಚೀಸ್ ತೆಗೆದ ಮೇಲೆ ಉಳಿಯೋ ನೀರನ್ನು ಇನ್ನೊಮ್ಮೆ ಕಾಯಿಸಿದರೆ ಮೇಲೆ ತೇಲಿ ಬರೋ ಮೃದುವಾದ ಗಿಣ್ಣಿನಂಥ ಪದಾರ್ಥ. ಸಿಸಿಲಿಯಲ್ಲಿ ಅದು ಕುರಿಯ ಹಾಲಿನದು. ವಸಂತದಲ್ಲಿ ಕುರಿಗಳಿಗೆ ಹುಲ್ಲು ಹೇರಳ, ಹಾಲು ಹೇರಳ, ಅದೇ ಹೊತ್ತಿಗೆ ಈಸ್ಟರ್ ಹಬ್ಬ. ಹಾಗಾಗಿ ಕಸ್ಸಾತ ಈಸ್ಟರಿನ ತಿಂಡಿ. ನಮಗೆ ಸಂಕ್ರಾಂತಿಗೂ ಹೊಸ ಕಬ್ಬಿಗೂ ಇರೋ ನಂಟಿನ ಹಾಗೆ.

ಎರಡನೆಯದು ‘ಕಸ್ಸಾತ ಜೆಲಾತ’, ಅಂದ್ರೆ ಹೆಪ್ಪುಗಟ್ಟಿಸಿದ ಕಸ್ಸಾತ. ನಮ್ಮ ಐಸ್‌ಕ್ರೀಮಿನ ಅಜ್ಜಿ ಇವಳು. ಅವಳ ಹತ್ರ ಆಮೇಲೆ ಬರ್ತೀನಿ. ಹೆಸರು ಹುಟ್ಟಿದ್ದು ಮೊದಲನೆಯದಕ್ಕೆ.

ಈಗ ಬಟ್ಟಲಿನ ಕಥೆ. ಸಿಸಿಲಿಯಲ್ಲಿ ಹೇಳೋದು ಹೀಗೆ. ಅರಬರ ಕಾಲದ ಪಲೆರ್ಮೊ. ಒಬ್ಬ ಬಡ ಕುರಿಗಾಹಿ ರಿಕೋತ್ತಕ್ಕೆ ಸಕ್ಕರೆ ಸುರಿದು ತಾಮ್ರದ ಬಟ್ಟಲಲ್ಲಿ ಕಲಸ್ತಾ ಕೂತಿದ್ದ. ದಾರಿಹೋಕರು ಯಾರೋ ಏನಿದು ಅಂತ ಕೇಳಿದರು. ಬಟ್ಟಲನ್ನು ಕೇಳ್ತಾ ಇದ್ದಾರೆ ಅಂದ್ಕೊಂಡ ಅವನು ‘ಕಸ್‌ಅ’ ಅಂದ. ಅವರು ಅದನ್ನೇ ತಿಂಡಿಯ ಹೆಸರು ಅಂದ್ಕೊಂಡರು.

ಇದರ ಹಿನ್ನೆಲೆ ನಿಜವಾದ ಇತಿಹಾಸವೇ. ಉತ್ತರ ಆಫ್ರಿಕಾದಿಂದ ಅರಬ್ ಸೈನ್ಯ ಸಿಸಿಲಿಗೆ ಬಂದಿಳಿದದ್ದು 827ರಲ್ಲಿ. 831ರಲ್ಲಿ ಪಲೆರ್ಮೊ ಅವರ ಕೈಗೆ ಬಂತು. 1072ರಲ್ಲಿ ನಾರ್ಮನ್ನರು ಅದನ್ನು ಗೆಲ್ಲೋವರೆಗೆ, ಅಂದ್ರೆ ಹೆಚ್ಚುಕಡಿಮೆ 240 ವರ್ಷ, ಅಲ್ಲಿ ಅರಬ್ಬಿ ಆಡಳಿತ. ಸಿಸಿಲಿಯ ಮಾತಿನಲ್ಲಿ ಅರಬ್ಬಿ ಪದ ಇವತ್ತಿಗೂ ಹಾಸುಹೊಕ್ಕು. ನೀರಿನ ತೊಟ್ಟಿಗೆ ‘ಜೆಬ್ಬಿಯ’, ಕಿತ್ತಳೆ ಹೂವಿಗೆ ‘ತ್ಸಾಗರ’, ಎಳ್ಳಿಗೆ ‘ಜುಜ್ಜುಲೇನ’. ಕಲ್ತಾನಿಸ್ಸೆತ್ತ ಅಂತ ಒಂದು ಪಟ್ಟಣ ಇದೆ. ಅದರ ಮೊದಲ ಭಾಗ ‘ಕಲ್ತ’ ಅಂದ್ರೆ ಅರಬ್ಬಿಯ ‘ಕಲ್‌ಅ’, ಕೋಟೆ. ನಮ್ಮ ಕಿಲ್ಲೆ, ಕಿಲ್ಲೇದಾರ ಇದಾವಲ್ಲ, ಅದೇ ಪದ! ಹಾಗಾಗಿ ಒಂದು ತಿಂಡಿಗೂ ಅರಬ್ಬಿ ಹೆಸರು ಇರೋದು ಅಸಂಭವ ಏನಲ್ಲ.

ಪಾತ್ರೆಯ ಹೆಸರೇ ತಿಂಡಿಗೆ ಬರೋದೂ ವಿಚಿತ್ರ ಅಲ್ಲ. ನಮ್ಮಲ್ಲೇ ಎಷ್ಟಿವೆ! ತಟ್ಟೆ ಇಡ್ಲಿ. ಗುಳಿಯಪ್ಪ, ಗುಳಿ ಇರೋ ಹಂಚಿನಲ್ಲಿ ಮಾಡೋದಕ್ಕೆ ಆ ಹೆಸರು. ಕರಾವಳಿಯ ಕೊಟ್ಟೆ ಕಡುಬು, ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸೋದು. ಸ್ಪೇನಿನ ಪಾಯೆಲ್ಯಾ ಅಂದ್ರೂ ಬಾಣಲೆ ಅಂತಲೇ ಅರ್ಥ. ತಣ್ಣನೆ ತಿಂಡಿಯ ಉದಾಹರಣೆಯೇ ಬೇಕು ಅಂದ್ರೆ ಕುಲ್ಫಿ ಇದೆ. ಫಾರಸಿಯಲ್ಲಿ ‘ಕುಲ್ಫಿ’ ಅಂದ್ರೆ ಮುಚ್ಚಳ ಬಿಗಿದ ಪುಟ್ಟ ಪಾತ್ರೆ. ಮೂಲ ಪದಕ್ಕೆ ಬೀಗ ಅಂತ ಅರ್ಥ. ಮಹಾರಾಷ್ಟ್ರದಲ್ಲಿ ಇರೋರಿಗೆ ಬಿಡಿಸಿ ಹೇಳಬೇಕಿಲ್ಲ, ಮರಾಠಿಯಲ್ಲಿ ಬೀಗಕ್ಕೆ ‘ಕುಲೂಪ್’ ಅಂತಾರಲ್ಲ, ಅದೇ. ಆ ತಗಡಿನ ಅಚ್ಚಿಗೆ ಮುಚ್ಚಳ ಹಾಕಿ, ಹಿಟ್ಟಿನಿಂದ ಬಾಯಿ ಮುಚ್ಚಿ ಮಂಜುಗಡ್ಡೆಯಲ್ಲಿ ಹೂತಿಡ್ತಿದ್ದರು. ಬೀಗ ಹಾಕಿದ ಹಾಗೆ. ಚೌಪಾಟಿಯಲ್ಲಿ ಕುಲ್ಫಿ ತಿನ್ನೋವಾಗ ನಾವು ತಿನ್ನೋದು ಬೀಗದ ಹೆಸರನ್ನೇ.

ಹಾಗಾದ್ರೆ ನನ್ನ ತಕರಾರು ಏನು? ಕಥೆಯ ಸ್ವಭಾವ. ‘ಪರಸ್ಥಳದವರು ಏನೋ ಕೇಳಿದರು, ಸ್ಥಳೀಯನು ಇನ್ನೇನೋ ಹೇಳಿದ, ಅದೇ ಹೆಸರಾಯ್ತು’ ಅನ್ನೋ ಕಥೆ ಜಗತ್ತಿನಲ್ಲೆಲ್ಲ ಇದೆ. ಕಾಂಗರೂ ಅಂದ್ರೆ ‘ನಂಗೊತ್ತಿಲ್ಲ’ ಅಂತ ಅರ್ಥ ಅಂತಾರಲ್ಲ, ಅದು ಸುಳ್ಳು ಅಂತ ಭಾಷಾ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಅದು ಆಸ್ಟ್ರೇಲಿಯದ ಗೂಗು ಯಿಮಿದಿರ್ ಭಾಷೆಯಲ್ಲಿ ಆ ಪ್ರಾಣಿಯದೇ ಒಂದು ಬಗೆಯ ಹೆಸರು.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರು. ಹೊಯ್ಸಳ ವೀರಬಲ್ಲಾಳ ಕಾಡಿನಲ್ಲಿ ದಾರಿ ತಪ್ಪಿದ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು. ಇದನ್ನು ನಾವು ಎಷ್ಟು ಸಲ ಕೇಳಿದ್ದೀವಿ, ಎಷ್ಟು ಜನಕ್ಕೆ ಹೇಳಿದ್ದೀವಿ! ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಒಂದು ವೀರಗಲ್ಲಿದೆ, ಗಂಗರ ಕಾಲದ್ದು, ಸುಮಾರು 890ರದ್ದು. ಅದರಲ್ಲಿ ಬೆಂಗಳೂರಿನ ಕಾಳಗ ಅಂತ ಕೆತ್ತಿದೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದಿದ್ದು 1173ರಲ್ಲಿ. ರಾಜ ಹುಟ್ಟೋಕೆ ಮುಂಚೆ, ಕಾಳು ಬೇಯೋಕೆ ಮುಂಚೆ ಊರಿಗೆ ಹೆಸರಿತ್ತು. ಕಥೆ ಬಾಯಲ್ಲಿ ಬಂತು, ಕಲ್ಲು ನೆಲದಲ್ಲಿ ಸಿಕ್ಕಿತು. ಕಲ್ಲನ್ನೇ ನಂಬಬೇಕಾಗುತ್ತೆ.

ಕಸ್ಸಾತಕ್ಕೂ ಇಂಥ ಒಂದು ‘ಕಲ್ಲು’ ಇದೆ, ಆದರೆ ಅದು ಒಂದು ನಿಘಂಟು. ಪಲೆರ್ಮೊ ಹತ್ತಿರದ ಬೆಟ್ಟದ ಮೇಲೆ ಸಾನ್ ಮಾರ್ತಿನೊ ದೆಲ್ಲೆ ಸ್ಕಾಲೆ ಅಂತ ಬೆನೆಡಿಕ್ಟೈನ್ ಸನ್ಯಾಸಿಗಳ ಮಠ. ಅದರ ಮಠಾಧಿಪತಿ ಆಂಜೆಲೊ ಸೆನಿಸಿಯೊ 1348ರಲ್ಲಿ ‘ದೆಕ್ಲಾರುಸ್’ ಎಂಬ ನಿಘಂಟು ಮುಗಿಸಿದ. ಲ್ಯಾಟಿನ್ ಪದಗಳಿಗೆ ಅರ್ಥ ಹೇಳ್ತಾ ಮಧ್ಯೆ ಮಧ್ಯೆ ಸಿಸಿಲಿಯ ಆಡುಮಾತನ್ನೂ ಸೇರಿಸಿದ ಪುಸ್ತಕ ಅದು. ಅದರಲ್ಲಿ ಕಸ್ಸಾತ ಬರುತ್ತೆ. ಕೊಟ್ಟಿರೋ ಅರ್ಥ: ರೊಟ್ಟಿಯ ಹಿಟ್ಟು ಮತ್ತು ಚೀಸ್ ಸೇರಿಸಿ ಮಾಡಿದ ತಿನಿಸು.

ಅಷ್ಟೇ. ಬಟ್ಟಲಿನ ಮಾತಿಲ್ಲ. ಸ್ಪಂಜಿನ ಕೇಕ್ ಇಲ್ಲ, ಬಾದಾಮಿ ಪಟ್ಟಿ ಇಲ್ಲ. ಹಿಟ್ಟು ಮತ್ತು ಚೀಸ್. ಒಂದು ಥರ ಚೀಸ್ ಹೂರಣದ ಹೋಳಿಗೆ ಅಂದ್ಕೊಳ್ಳಿ. ಬೇಗೂರಿನ ಕಲ್ಲಿನಷ್ಟು ನಿರ್ಣಾಯಕ ಪುರಾವೆ ಇದಲ್ಲ, ಯಾಕಂದ್ರೆ 1348 ಅರಬ್ಬಿ ಆಡಳಿತ ಮುಗಿದ ಮೇಲಿನ ವರ್ಷ, ಮುಂಚಿನದಲ್ಲ. ಅಷ್ಟರಲ್ಲಿ ಬಟ್ಟಲಿನ ಅರ್ಥ ಮರೆತಿರಬಹುದು ಅಂತ ವಾದಿಸಬಹುದು. ಆದರೂ ಪದ ಕಾಗದದ ಮೇಲೆ ಕಾಣಿಸಿಕೊಂಡಾಗ ಅದರ ಕೈಯಲ್ಲಿ ಇದ್ದದ್ದು ಚೀಸ್.

ಲ್ಯಾಟಿನ್‌ನಲ್ಲಿ ಚೀಸ್‌ಗೆ ‘ಕಾಸೆಉಸ್’. ಇಂಗ್ಲಿಷಿನ ಚೀಸ್, ಜರ್ಮನ್ನರ ಕೇಝ ಎಲ್ಲ ಅದರ ಮಕ್ಕಳು. ಇಟಲಿಯ ಭಾಷೆಯಲ್ಲಿ ‘-ಆತ’ ಅನ್ನೋ ಪ್ರತ್ಯಯ ಹಚ್ಚಿದರೆ ‘ಅದರಿಂದ ಮಾಡಿದ್ದು’ ಅಂತ ಬರುತ್ತೆ. ಲಿಮೋನೆ, ಲಿಮೊನಾತ. ಅರಾಂಚಾ, ಅರಾಂಚಾತ. ಅದೇ ಲೆಕ್ಕದಲ್ಲಿ ಚೀಸ್‌ನಿಂದ ಮಾಡಿದ್ದು ಕಸ್ಸಾತ. ‘ಕಾಸ್ಸ’ ಅಂದ್ರೆ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಇಟ್ಟದ್ದಕ್ಕೆ ಕಸ್ಸಾತ ಅನ್ನೋರೂ ಇದ್ದಾರೆ. ಅದರ ಬಗ್ಗೆ ಹೆಚ್ಚು ಹೊತ್ತು ಕಳೆಯೋದು ಬೇಡ, ಅದು ಕಸದ ಆಟದ ಅಣ್ಣ.

ನನ್ನ ಮನಸ್ಸನ್ನು ನಿಜವಾಗಿ ಒಲಿಸಿದ್ದು ನಿಘಂಟಲ್ಲ, ನೆಂಟರಿಷ್ಟರು. ಒಂದು ಪದದ ಕುಲ ತಿಳಿಯಬೇಕಂದ್ರೆ ಅಕ್ಕಪಕ್ಕದ ಊರಿನ ಪದಗಳನ್ನು ನೋಡಬೇಕು. ನೇಪಲ್ಸ್‌ನಲ್ಲಿ ಈಸ್ಟರ್ ಹಬ್ಬಕ್ಕೆ ‘ಕಸತಿಯೆಲ್ಲೊ’ ಅಂತ ಒಂದು ಬ್ರೆಡ್ ಮಾಡ್ತಾರೆ, ಚೀಸ್ ಹಾಕಿ, ಮೇಲೆ ಇಡೀ ಮೊಟ್ಟೆಗಳನ್ನು ಕೂರಿಸಿ. ನೇಪಲ್ಸ್‌ನ ಆಡುಮಾತಿನಲ್ಲಿ ಚೀಸ್‌ಗೆ ‘ಕಾಸೊ’, ಹಾಗಾಗಿ ಅದರ ಹೆಸರಿನಲ್ಲಿ ಗುಟ್ಟೇ ಇಲ್ಲ. ಪಕ್ಕದ ಸಾರ್ಡೀನಿಯ ದ್ವೀಪದಲ್ಲಿ ‘ಕಸದಿನಾಸ್’, ಚೀಸ್ ತುಂಬಿದ ಪುಟ್ಟ ಕಡುಬುಗಳು. ಅಲ್ಲಿ ಚೀಸ್‌ಗೆ ‘ಕಾಸು’. ಸಿಸಿಲಿಯಲ್ಲೇ ಬೇರೆ ಬೇರೆ ಊರುಗಳಲ್ಲಿ ‘ಕಸ್ಸತೆಲ್ಲೆ’, ಅಂದ್ರೆ ಪುಟ್ಟ ಕಸ್ಸಾತ. ಒಂದೂರಲ್ಲಿ ಕರಿದದ್ದು, ಇನ್ನೊಂದೂರಲ್ಲಿ ಒಲೆಯಲ್ಲಿ ಬೇಯಿಸಿದ್ದು, ಆಕಾರ ಒಂದೊಂದು ಕಡೆ ಒಂದೊಂದು. ಎಲ್ಲದರ ಒಳಗೂ ರಿಕೋತ್ತ ಅಥವಾ ಚೀಸ್. ಬಹಳಷ್ಟು ಈಸ್ಟರ್‌ಗೇ ಮಾಡೋದು. ಬಟ್ಟಲು ಯಾವುದಕ್ಕೂ ಬೇಕಿಲ್ಲ. ಅರಬರು ಆಳದ ನೇಪಲ್ಸ್‌ನಲ್ಲೂ ಇದೇ ಹೆಸರಿನ ಮನೆತನ ಇದೆ ಅಂದ ಮೇಲೆ ಸಿಸಿಲಿಯ ಕಸ್ಸಾತ ಒಂದೇ ಬೇರೆ ಮನೆಯಿಂದ ಬಂತು ಅನ್ನೋಕೆ ಗಟ್ಟಿ ಕಾರಣ ಬೇಕು.

ಈ ಪಕ್ಷದಲ್ಲೂ ಒಂದು ಸಣ್ಣ ತೊಡಕಿದೆ, ಮುಚ್ಚಿಡಲ್ಲ. ಲ್ಯಾಟಿನ್‌ನ ಕಾಸೆಉಸ್ ಸಿಸಿಲಿಯಲ್ಲಿ ‘ಕಾಚು’ ಅಂತ ಆಗಿದೆ. ಆ ನಿಯಮದ ಪ್ರಕಾರ ಕಸ್ಸಾತ ಕೂಡ ‘ಕಚಾತ’ ಆಗಬೇಕಿತ್ತು. ಆಗಿಲ್ಲ. ಪಕ್ಕದ ಪ್ರದೇಶದಿಂದ ಬಂದಿರಬಹುದು, ಮಠಗಳ ಲ್ಯಾಟಿನ್‌ನಿಂದ ಇಳಿದಿರಬಹುದು. ಅದಕ್ಕೇ ಒಳ್ಳೆಯ ನಿಘಂಟುಗಳು ಇವತ್ತಿಗೂ ಎರಡೂ ಮೂಲಗಳನ್ನು ಎದುರುಬದುರು ಇಟ್ಟು ಸುಮ್ಮನಾಗ್ತವೆ. ನನ್ನ ತಕ್ಕಡಿ ಚೀಸ್ ಕಡೆ ತೂಗುತ್ತೆ, ಅಷ್ಟು ಹೇಳಬಲ್ಲೆ.

ಈಗ ಇಷ್ಟು ಕೇಳಿ ಕೆಲವರು ಥಟ್ಟನೆ ಒಂದು ತೀರ್ಮಾನಕ್ಕೆ ಹಾರ್ತಾರೆ. “ಹೆಸರು ಅರಬ್ಬಿ ಅಲ್ಲ ಅಂದ್ರೆ ತಿಂಡಿಗೂ ಅರಬರಿಗೂ ಸಂಬಂಧ ಇಲ್ಲ.” ಸಿಸಿಲಿಯಲ್ಲಿ ಇದು ಬರೀ ಅಡುಗೆಮನೆ ಜಗಳ ಅಲ್ಲ, ತಾವು ಯಾರು ಅನ್ನೋ ಜಗಳ. ಅರಬರ ನೆನಪು ಬೇಕು ಅನ್ನೋರಿಗೆ ಬಟ್ಟಲು ಬೇಕು, ಬೇಡ ಅನ್ನೋರಿಗೆ ಚೀಸ್ ಬೇಕು. ನಮ್ಮಲ್ಲೂ ಇಡ್ಲಿ ಎಲ್ಲಿಯದು, ಮೈಸೂರುಪಾಕು ಯಾರದ್ದು ಅಂತ ಶುರುವಾದರೆ ಗೊತ್ತಲ್ಲ ಏನಾಗುತ್ತೆ ಅಂತ. ಆದರೆ ಹೆಸರಿನ ವಂಶ ಬೇರೆ, ತಿಂಡಿಯ ವಂಶ ಬೇರೆ. ಒಂದು ವಂಶಾವಳಿ ತೋರಿಸಿ ಇನ್ನೊಂದರ ಆಸ್ತಿ ಕೇಳೋಕಾಗಲ್ಲ.

ತಟ್ಟೆಯ ಮೇಲಿರೋ ಕಸ್ಸಾತವನ್ನೇ ನೋಡಿ. ಹೆಸರಿನ ಹಲಗೆ ಬದಿಗಿಟ್ಟು ಒಳಗಿನ ಒಂದೊಂದೇ ಪದಾರ್ಥದ ಹೆಸರು ಕೇಳಿ.

ಸಕ್ಕರೆ. ಇಟಲಿಯಲ್ಲಿ ‘ತ್ಸುಕ್ಕೆರೊ’. ಅರಬ್ಬಿಯ ‘ಸುಕ್ಕರ್’ನಿಂದ. ಅರಬ್ಬಿಗೆ ಬಂದಿದ್ದು ಫಾರಸಿಯ ‘ಶಕರ್’ನಿಂದ. ಫಾರಸಿಗೆ ಹೋಗಿದ್ದು ಇಲ್ಲಿಂದ, ಸಂಸ್ಕೃತದ ‘ಶರ್ಕರಾ’, ಪ್ರಾಕೃತದಲ್ಲಿ ‘ಸಕ್ಕರ’. ಶರ್ಕರಾ ಅಂದ್ರೆ ಮೊದಲು ಮರಳು, ಹರಳು, ಆಮೇಲೆ ಸಕ್ಕರೆಯ ಹರಳು. ನಮ್ಮ ‘ಸಕ್ಕರೆ’ಯೂ ಆ ಪ್ರಾಕೃತದಿಂದಲೇ. ಸುಕ್ಕರ್, ಸಕ್ಕರೆ, ತ್ಸುಕ್ಕೆರೊ, ಮೂರನ್ನೂ ಒಟ್ಟಿಗೆ ಹೇಳಿ ನೋಡಿ. ಕಬ್ಬಿನ ಬೇಸಾಯವನ್ನೂ ಅದಕ್ಕೆ ನೀರು ಹಾಯಿಸೋ ಕಲೆಯನ್ನೂ ಸಿಸಿಲಿಯಲ್ಲಿ ನೆಲೆಗೊಳಿಸಿದ್ದು ಅರಬರು. ಆ ‘ಜೆಬ್ಬಿಯ’ ತೊಟ್ಟಿ ಹೇಳಿದೆನಲ್ಲ, ಅದು ಅದಕ್ಕೇ.

ಪಾಕದಲ್ಲಿ ಅದ್ದಿದ ಹಣ್ಣು. ಇಟಲಿಯಲ್ಲಿ ‘ಕಾಂದೀತಿ’. ಇಂಗ್ಲಿಷಿನಲ್ಲಿ ಕ್ಯಾಂಡಿ. ಅರಬ್ಬಿ ‘ಕಂದ್’, ಅದಕ್ಕೂ ಹಿಂದೆ ಸಂಸ್ಕೃತದ ‘ಖಂಡ’, ತುಂಡು. ಉತ್ತರದವರ ಖಾಂಡ್, ಗಾಣದ ಖಂಡಸಾರಿ ಸಕ್ಕರೆ, ಅದೇ ಪದ. ದೆಹಲಿಯವರು ಇನ್ನೊಂದು ಗಮನಿಸಿ: ಕಸ್ಸಾತದ ಮೇಲಿರೋ ಕುಂಬಳದ ಪಾಕಕ್ಕೆ ಸಿಸಿಲಿಯಲ್ಲಿ ‘ತ್ಸುಕ್ಕಾತ’ ಅಂತಾರೆ. ಬಿಳಿಚಿದ ಕುಂಬಳಜಾತಿಯ ಕಾಯಿಯನ್ನು ಹೆಚ್ಚಿ ಸಕ್ಕರೆಪಾಕದಲ್ಲಿ ಪಾರದರ್ಶಕ ಆಗೋವರೆಗೆ ಕುದಿಸೋದು. ಆಗ್ರಾದ ಪೇಠಾ ಮಾಡೋ ರೀತಿಗೂ ಇದಕ್ಕೂ ಏನು ದೂರ?

ಕಿತ್ತಳೆ. ಇಟಲಿಯಲ್ಲಿ ‘ಅರಾಂಚಾ’. ಅರಬ್ಬಿ ‘ನಾರಂಜ್’, ಫಾರಸಿ ‘ನಾರಂಗ್’, ಸಂಸ್ಕೃತ ‘ನಾರಂಗ’. ಅದಕ್ಕೂ ಹಿಂದೆ ಇದು ದ್ರಾವಿಡ ಪದವೇ ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮಲಯಾಳದಲ್ಲಿ ನಿಂಬೆಗೆ ಈಗಲೂ ‘ನಾರಙ್ಙ’, ತಮಿಳಿನಲ್ಲಿ ‘ನಾರತ್ತೈ’. ಚೆನ್ನೈಯಲ್ಲಿ ನಾರತ್ತಂಗಾಯಿ ಉಪ್ಪಿನಕಾಯಿ ನೆಂಚಿಕೊಂಡು ಮೊಸರನ್ನ ತಿನ್ನೋರು ಮತ್ತು ಪಲೆರ್ಮೊದಲ್ಲಿ ಕಸ್ಸಾತದ ಕಿತ್ತಳೆ ತಿನ್ನೋರು ಬಾಯಲ್ಲಿ ಇಟ್ಕೊಂಡಿರೋದು ಒಂದೇ ಪದದ ಎರಡು ತುದಿ.

ಪಿಸ್ತಾ. ಇಟಲಿಯ ‘ಪಿಸ್ತಾಕ್ಯೊ’ ಗ್ರೀಕ್, ಲ್ಯಾಟಿನ್ ದಾರಿಯಲ್ಲಿ ಬಂದಿದ್ದು. ಆದರೆ ಎಟ್ನಾ ಜ್ವಾಲಾಮುಖಿಯ ಬುಡದ ಬ್ರೋಂತೆ ಅನ್ನೋ ಪಿಸ್ತಾ ಊರಿನ ರೈತರು ತಮ್ಮ ಮಾತಿನಲ್ಲಿ ‘ಫ್ರಸ್ತೂಕ’ ಅಂತಾರೆ. ಅರಬ್ಬಿಯ ‘ಫುಸ್ತುಕ್’. ಪುಸ್ತಕದ ಭಾಷೆ ಒಂದು ದಾರಿ ಹಿಡಿಯಿತು, ತೋಟದ ಭಾಷೆ ಇನ್ನೊಂದು.

ಅಂದ್ರೆ ನೋಡಿ, ಮೇಲಿನ ಹೆಸರು ಲ್ಯಾಟಿನ್ನಿನ ಕುರಿಗಾಹಿಗಳದ್ದೇ ಇರಲಿ, ಒಳಗಿನ ಸಿಹಿಯೆಲ್ಲ ಅರಬರು ಹೊತ್ತು ತಂದಿದ್ದು, ಅದರಲ್ಲಿ ಅರ್ಧ ಅವರಿಗೂ ನಮ್ಮ ಕಡೆಯಿಂದ ಹೋಗಿದ್ದು. ಬಟ್ಟಲಿನ ಕಥೆ ಬಿದ್ದುಹೋದರೂ ಇದು ಬೀಳಲ್ಲ. ಕುರಿಗಾಹಿಯ ಕಟ್ಟುಕಥೆಗಿಂತ ಇದೇ ದೊಡ್ಡ ಕಥೆ ಅಂತ ನನಗನ್ಸುತ್ತೆ.

ಸರಿ, ಚೀಸ್‌ನ ತಿಂಡಿ ಐಸ್‌ಕ್ರೀಮ್ ಆಗಿದ್ದು ಹೇಗೆ?

ಇದಕ್ಕೆ ಉಪ್ಪು ಕಾರಣ. ಮಂಜಿಗೆ ಉಪ್ಪು ಬೆರೆಸಿದರೆ ಅದು ಕರಗ್ತಾ ಕರಗ್ತಾ ಸುತ್ತಲಿನ ಶಾಖ ಎಳ್ಕೊಳ್ಳುತ್ತೆ, ಸೊನ್ನೆಗಿಂತ 20 ಡಿಗ್ರಿ ಕೆಳಗಿನವರೆಗೂ ಇಳಿಯಬಲ್ಲದು. ನಮ್ಮಲ್ಲಿ ಮರದ ಬಕೆಟ್ಟಿನ ಕೈ ತಿರುಗಿಸೋ ಐಸ್‌ಕ್ರೀಮ್ ಯಂತ್ರ ನೋಡಿದವರಿಗೆ ಇದು ಗೊತ್ತು. ಎಟ್ನಾದ ಮೇಲಿನ ಹಿಮವನ್ನು ಹೊಂಡಗಳಲ್ಲಿ ತುಂಬಿಸಿ, ಹುಲ್ಲು ಮುಚ್ಚಿ, ಬೇಸಿಗೆಗೆ ಮಾರೋದು ಸಿಸಿಲಿಯಲ್ಲಿ ದೊಡ್ಡ ವ್ಯಾಪಾರವಾಗಿತ್ತು. ಹಿಮ ಇತ್ತು, ಉಪ್ಪಿತ್ತು, ಸಕ್ಕರೆ ಇತ್ತು. 1690ರ ದಶಕದಲ್ಲಿ ನೇಪಲ್ಸ್‌ನ ಆಂತೋನಿಯೊ ಲಾತೀನಿ ತನ್ನ ಅಡುಗೆ ಪುಸ್ತಕದಲ್ಲಿ ಸೊರ್ಬೆತ್ತೊಗಳ ವಿಧಾನ ಬರೆದ, ಅದರಲ್ಲಿ ಹಾಲಿನದೂ ಒಂದಿದೆ. 1775ರಲ್ಲಿ ಅದೇ ಊರಿನ ವೈದ್ಯ ಫಿಲಿಪ್ಪೊ ಬಾಲ್ದೀನಿ ಸೊರ್ಬೆತ್ತೊಗಳ ಮೇಲೆಯೇ ಇಡೀ ಪುಸ್ತಕ ಬರೆದ. ಅಂದಹಾಗೆ ಸೊರ್ಬೆತ್ತೊ ನಮ್ಮ ಶರಬತ್ತೇ. ಅರಬ್ಬಿಯಲ್ಲಿ ಕುಡಿಯೋದು ಅನ್ನೋ ಧಾತುವಿನಿಂದ ಹುಟ್ಟಿ, ತುರ್ಕಿಯವರ ‘ಶೆರ್ಬೆತ್’ ಆಗಿ ಇಟಲಿಗೆ ಹೋಗಿದ್ದು. ಶರಾಬು, ಸಿರಪ್ಪು ಕೂಡ ಅದೇ ಧಾತು. ಮಾರ್ಕೊ ಪೋಲೊ ಚೀನಾದಿಂದ ಐಸ್‌ಕ್ರೀಮ್ ತಂದ ಅಂತ ಫಾರ್ವರ್ಡ್ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ, ಅದೂ ಬೆಂದಕಾಳೂರಿನ ಜಾತಿ.

ತಣ್ಣಗೆ ಮಾಡೋದು ಬಂದ ಮೇಲೆ ಅಚ್ಚುಗಳು ಬಂದವು. ಲೋಹದ ಗುಮ್ಮಟದಂಥ ಅಚ್ಚಿನ ಒಳಗೋಡೆಗೆ ಒಂದು ಬಣ್ಣದ ಐಸ್‌ಕ್ರೀಮ್ ಮೆತ್ತೋದು, ಗಟ್ಟಿಯಾಗಲಿಕ್ಕೆ ಬಿಡೋದು, ಅದರ ಒಳಗೆ ಇನ್ನೊಂದು ಬಣ್ಣ, ನಟ್ಟನಡುವೆ ಕೆನೆಯಲ್ಲಿ ಕಲಸಿದ ಪಾಕದ ಹಣ್ಣು. ಕೊಯ್ದರೆ ಒಳಗೆ ಪದರ ಪದರ, ಹಣ್ಣಿನ ಚುಕ್ಕೆ. ನೋಡೋಕೆ ಹಬ್ಬದ ಕಸ್ಸಾತದ ಹಾಗೇ. ಅದಕ್ಕೇ ‘ಕಸ್ಸಾತ ಜೆಲಾತ’. ಜೆಲಾತ ಅಂದ್ರೆ ಹೆಪ್ಪುಗಟ್ಟಿದ್ದು, ಜೆಲಾಟೊ ಕೂಡ ಅದೇ, ನಮ್ಮ ಮಕ್ಕಳ ಜೆಲ್ಲಿಯೂ ಅದೇ ಬೇರಿನದು. ಹೆಸರು ಉಳಿಯಿತು, ಹೆಸರು ಕೊಟ್ಟ ಚೀಸ್ ಮಾತ್ರ ಸದ್ದಿಲ್ಲದೆ ಜಾಗ ಖಾಲಿ ಮಾಡಿತು.

ಇಲ್ಲಿ ಬಟ್ಟಲಿನ ಪಕ್ಷದವರು ಎದ್ದು ನಿಲ್ತಾರೆ: “ನಮ್ಮ ಕಸಾಟಾ ತುಂಡು ನೋಡಿ, ಅರ್ಧಚಂದ್ರ, ಬಟ್ಟಲು ಬೋರಲು ಹಾಕಿದ ಹಾಗೇ ಇದೆಯಲ್ಲ!” ಇದೆ. ಆದರೆ ಆ ಆಕಾರ ಕೊಟ್ಟಿದ್ದು ಐಸ್‌ಕ್ರೀಮಿನ ಅಚ್ಚು, ಅದು ಬಂದಿದ್ದು ಸೆನಿಸಿಯೊನ ನಿಘಂಟಿಗೆ ನೂರಾರು ವರ್ಷ ಆದ ಮೇಲೆ. ಹಳೆಯ ಹೆಸರಿಗೆ ಹೊಸ ಆಕಾರದಿಂದ ಪುರಾವೆ ತರೋಕಾಗಲ್ಲ.

ಭಾರತಕ್ಕೆ ಬಂದ ಮೇಲೆ ಅದು ಇನ್ನೊಂದು ಅವತಾರ ತಾಳಿತು. ಕೇಕಿನ ಪದರ ಸೇರಿತು, ಹೊರಗೆ ಗೋಡಂಬಿ ಬಂತು, ಗುಜರಾತಿನ ಕಂಪನಿಗಳು ಅದನ್ನು ಊರೂರಿಗೆ ತಲುಪಿಸಿದವು. ಹಸಿರು ಪದರಕ್ಕೆ ಪಿಸ್ತಾ ಅಂತ ಹೆಸರು, ಒಳಗೆ ಎಷ್ಟು ಪಿಸ್ತಾ ಇದೆ ಅಂತ ಕೇಳಬೇಡಿ. ಕೆಂಪು, ಹಸಿರು, ಹಳದಿ ಚೂರುಗಳು ಟೂಟಿ ಫ್ರೂಟಿ. ಇಟಾಲಿಯನ್‌ನಲ್ಲಿ ‘ತುತ್ತಿ ಫ್ರುತ್ತಿ’, ಎಲ್ಲಾ ಹಣ್ಣುಗಳು. ನಮ್ಮಲ್ಲಿ ಅದು ಒಂದೇ ಕಾಯಿ, ಪರಂಗಿಕಾಯಿ. ಅದನ್ನೇ ಹೆಚ್ಚಿ, ಪಾಕಕ್ಕೆ ಹಾಕಿ, ಮೂರು ಬಣ್ಣ ಬಳಿದರೆ ‘ಎಲ್ಲಾ ಹಣ್ಣು’! ಬೈಬೇಕು ಅಂತ ಹೊರಟಿದ್ದೆ, ಆದರೆ ಸಿಸಿಲಿಯವರು ಕುಂಬಳಕ್ಕೆ ಮಾಡಿದ್ದೂ ಇದನ್ನೇ ಅಲ್ವಾ ಅಂತ ಸುಮ್ಮನಾದೆ. ಪಪ್ಪಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಜೊತೆ ಬಂದಿದ್ದು. ಕನ್ನಡದ ‘ಪರಂಗಿ’ ಅನ್ನೋ ಹೆಸರೇ ಅದನ್ನು ಹೇಳುತ್ತೆ. ಫರಂಗಿಯವರ ಹಣ್ಣು.

ಬೇರೆ ಹೆಸರುಗಳನ್ನು ಬೇಗ ಮುಗಿಸ್ತೀನಿ, ಏಕೆಂದರೆ ಅವುಗಳಲ್ಲಿ ಜಗಳ ಇಲ್ಲ. ಸೆಮಿಫ್ರೆದ್ದೊ, ಅರೆತಣ್ಣನೆಯದು. ಅಫೊಗಾತೊ, ಮುಳುಗಿಸಿದ್ದು, ಕಾಫಿಯಲ್ಲಿ ಮುಳುಗಿದ ಐಸ್‌ಕ್ರೀಮ್. ಸ್ಪುಮೋನೆ, ನೊರೆಯಿಂದ. ಸ್ತ್ರಚ್ಚತೆಲ್ಲ, ಚಿಂದಿಚಿಂದಿ ಆದದ್ದು, 1961ರಲ್ಲಿ ಬೆರ್ಗಮೊದ ಎನ್ರಿಕೊ ಪನತ್ತೋನಿ ಅದೇ ಹೆಸರಿನ ಸೂಪಿನ ನೆನಪಿನಲ್ಲಿ ಇಟ್ಟ ಹೆಸರು. ಇಟ್ಟವರು ಯಾರು, ಯಾವ ವರ್ಷ ಅಂತ ಗೊತ್ತಿದ್ದರೆ ಎಷ್ಟು ಸುಲಭ ನೋಡಿ. ನಮ್ಮ ಕರಾವಳಿಯ ‘ಗಡ್‌ಬಡ್’ ಕೂಡ ಹಾಗೇ, ಹೆಸರೇ ಅರ್ಥ ಹೇಳುತ್ತೆ, ಎತ್ತರದ ಗ್ಲಾಸಿನಲ್ಲಿ ಎಲ್ಲಾ ಗಡಿಬಿಡಿ. ಆದರೆ ಅದನ್ನು ಮೊದಲು ಮಾಡಿದ್ದು ಯಾವ ಹೋಟೆಲು ಅಂತ ಉಡುಪಿಯವರ ಮುಂದೆ, ಮಂಗಳೂರಿನವರ ಮುಂದೆ ಒಟ್ಟಿಗೆ ಕೇಳಬೇಡಿ.

ಕೊನೆಗೆ ಒಂದು ಉಪಯೋಗದ ಮಾತು. ಪಲೆರ್ಮೊಗೆ ಹೋದರೆ, ಮಿಠಾಯಿ ಅಂಗಡಿಯಲ್ಲಿ ಕಸ್ಸಾತ ಕೇಳಿದರೆ ಕೊಡೋದು ರಿಕೋತ್ತದ ಕೇಕು. ಸಿಹಿ ಅಂದ್ರೆ ಸಿಹಿ, ಒಂದು ಸಣ್ಣ ತುಂಡನ್ನು ಇಬ್ಬರು ಹಂಚಿಕೊಂಡರೂ ಸಾಕು. ಅದರಲ್ಲಿ ಮೊಟ್ಟೆ ಇರುತ್ತೆ, ಕೆಲವು ಕಡೆ ಕೇಕಿಗೆ ಮದ್ಯವನ್ನೂ ಚಿಮುಕಿಸ್ತಾರೆ, ಬೇಡದವರು ಮೊದಲೇ ವಿಚಾರಿಸಿ. ಐಸ್‌ಕ್ರೀಮೇ ಬೇಕಂದ್ರೆ ‘ಜೆಲಾತ’ ಅಂತ ಸೇರಿಸಿ ಕೇಳಿ, ತಕಾರ ಹಾಕಿ.